ವಾಪಸ್ ಬಂದ ಕ್ಯಾನಿನ ಸ್ಲೈಡ್

ಕಂಪ್ಯೂಟರ್ ಕಲಿಯಲು ಹೋದ ಮೊದಲ ದಿನವೇ ಮೌಸನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದವಳು ನಾನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಪರದೆಯ ಮೇಲಿನ ಬಾಣವನ್ನು ನಾನು ಎಡಕ್ಕೆ ತಳ್ಳಿದರೆ ಅದು ಬಲಕ್ಕೆ ಓಡುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು ನಮ್ಮಿಬ್ಬರ ಸಂಸಾರ. ಹುಣಸೂರಿನ ಬಸ್ ಸ್ಟ್ಯಾಂಡಿನವರೆಗೂ ನಡೆದು ಬಂದು, ಗಾವಡಗೆರೆ ಕಡೆಯ ಬಸ್ಸು ಇನ್ನೂ ಬಂದಿಲ್ಲವೆಂದು ತಿಳಿದು, ಬೇರೆ ದಾರಿಯಿಲ್ಲದೆ ಮತ್ತೆ ಕಂಪ್ಯೂಟರ್ ಸೆಂಟರಿಗೇ ಹೋಗಿ ಕೂತೆ. ಮೌಸನ್ನು ನಾನು ಹಿಂದುಮುಂದಾಗಿ ಹಿಡಿದಿದ್ದೆನಂತೆ. ಅಲ್ಲಿ ಕಲಿಸುತ್ತಿದ್ದ ಮೇಡಂ ನಗಲಿಲ್ಲ, ಸುಮ್ಮನೆ ತಿರುಗಿಸಿ ನನ್ನ ಕೈಗೆ ಕೊಟ್ಟರು. ನಕ್ಕಿದ್ದರೆ ಆ ದಿನವೇ ಎಲ್ಲ ಮುಗಿದುಹೋಗುತ್ತಿತ್ತು.

ನಾನು ನಮ್ಮೂರಿನ ಹೆಂಗಸರ ಹಾಲಿನ ಸಂಘದ ಕಾರ್ಯದರ್ಶಿ. ಊರವರ ಬಾಯಲ್ಲಿ ಡೈರಿ ಸೆಕ್ರೆಟ್ರಿ. ಬೆಳಿಗ್ಗೆ, ಸಂಜೆ ಹಾಲು ಅಳೆಯುವುದು, ಅದರಲ್ಲಿ ಜಿಡ್ಡಿನಂಶ ಎಷ್ಟಿದೆಯೆಂದು ಫ್ಯಾಟು ನೋಡುವುದು, ಕ್ಯಾನು ತುಂಬಿಸಿ ಲಾರಿಗೆ ಹತ್ತಿಸುವುದು ನನ್ನ ಕೆಲಸ. ಸಂಘದ ಅಧ್ಯಕ್ಷೆ ನನ್ನ ಅತ್ತೆಯೇ. ಮನೆಯಲ್ಲೂ ಅವರೇ ಅಧ್ಯಕ್ಷೆ, ಅದಕ್ಕೆ ಚುನಾವಣೆಯಿಲ್ಲ.

ಹಾಲಿನ ಲಾರಿಗೆ ನಮ್ಮೂರು ಕಟ್ಟಕಡೆಯದು. ಬೇಸಿಗೆಯ ಸಂಜೆಗಳಲ್ಲಿ ಅದು ಬರುವಷ್ಟರಲ್ಲಿ ತುಂಬಿಟ್ಟ ಕ್ಯಾನು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ದೊಡ್ಡ ಡೈರಿಗೆ ಹೋಗಿ ಮುಟ್ಟುವ ಹೊತ್ತಿಗೆ ಹಾಲು ಒಡೆದಿದ್ದರೆ, ಮಾರನೇ ದಿನ ಕ್ಯಾನಿನ ಕುತ್ತಿಗೆಗೆ ಚೀಟಿ ಕಟ್ಟಿ ಹಾಲಿನ ಸಮೇತ ವಾಪಸ್ ಕಳಿಸುತ್ತಿದ್ದರು. ಒಂದು ಕ್ಯಾನಿನಲ್ಲಿ ಎಷ್ಟೋ ಮನೆಯ ಹಾಲು ಬೆರೆತಿರುತ್ತದೆ. ಆದರೂ ನಮ್ಮ ಕಡೆ ಕ್ಯಾನು ವಾಪಸ್ ಬಂದರೆ ಯಾರೂ ಬಿಸಿಲನ್ನು ಬಯ್ಯುವುದಿಲ್ಲ, ಲಾರಿಯನ್ನು ಬಯ್ಯುವುದಿಲ್ಲ. ಯಾವ ಮನೆಯದು ಎಂದು ಹುಡುಕುತ್ತಾರೆ. ಹಾಲು ಕೆಟ್ಟಿತು ಎಂದರೆ ಆ ಮನೆಯ ಪಾತ್ರೆ ಕೊಳಕು, ಕೊಟ್ಟಿಗೆ ಕೊಳಕು, ಕೊನೆಗೆ ಆ ಹೆಂಗಸೇ ಕೊಳಕು ಎಂದಾಗಿಬಿಡುತ್ತದೆ.

ಆ ಬೇಸಿಗೆಯಲ್ಲಿ ಹಾಗೆ ಸಿಕ್ಕಿಬಿದ್ದವಳು ನನ್ನ ವಾರಗಿತ್ತಿ. ಮೈದುನ ತೀರಿಕೊಂಡ ಮೇಲೆ ಅವಳು ಪಾಲು ಕೇಳಿ ತೋಟದ ಮನೆಗೆ ಹೋಗಿದ್ದಳು. ಎರಡು ಹಸು ಕಟ್ಟಿಕೊಂಡು ಅದರಲ್ಲೇ ಮಗಳನ್ನು ಓದಿಸುತ್ತಿದ್ದಳು. ಪಾಲು ಕೇಳಿದ ಸಿಟ್ಟು ಅತ್ತೆಯ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ. ಕ್ಯಾನು ವಾಪಸ್ ಬಂದದ್ದೇ ತಡ, "ತ್ವಾಟದಿಂದ ಬಿಸಿಲಲ್ಲಿ ಒತ್ಕೊಂಡು ಬತ್ತಾಳೆ, ಅವಳ್ದೇ ಕಣಮ್ಮಿ. ನಾಳೆಯಿಂದ ಅವಳ ಹಾಲು ತಕಬ್ಯಾಡ" ಎಂದು ನನಗೆ ಅಪ್ಪಣೆಯಾಯಿತು. ಸಭೆಯಲ್ಲಿ ನಿರ್ದೇಶಕಿಯರೆಲ್ಲ ಹೂಂಗುಟ್ಟಿದರು. ಅವಳ ಹಾಲು ನಿಂತಿತು. ಅವಳು ಹೋಟೆಲಿಗೊಂದಷ್ಟು, ಅಲ್ಲಿ ಇಲ್ಲಿ ಒಂದಷ್ಟು ಕೊಟ್ಟು, ಉಳಿದದ್ದನ್ನು ಮೊಸರು ಮಾಡಿ ಹೇಗೋ ದಿನ ನೂಕುತ್ತಿದ್ದಳು. ಒಂದು ಹಸು ಮಾರುವ ಮಾತಾಡುತ್ತಿದ್ದಾಳೆ ಎಂದು ಕೇಳಿದಾಗ ನನಗೆ ಅನ್ನ ಇಳಿಯಲಿಲ್ಲ.

ಯಾಕೆಂದರೆ ಅವಳ ಹಾಲು ನಿಲ್ಲಿಸಿದ ಮೇಲೂ ಕ್ಯಾನು ವಾಪಸ್ ಬಂತು. ಒಮ್ಮೆಯಲ್ಲ, ಎರಡು ಸಾರಿ. ಅತ್ತೆ ಎರಡು ಸಾರಿಯೂ ಯಾರೂ ಬರುವ ಮುಂಚೆ ಅದನ್ನು ಡೈರಿಯ ಹಿಂದಿನ ತಿಪ್ಪೆಗೆ ಸುರಿಸಿ, "ಬಾಯಿ ಬುಡಬ್ಯಾಡ" ಎಂದರು. ಎರಡನೇ ಸಾರಿ ಸುರಿಯುವ ಮುಂಚೆ, ಚೀಟಿ ಕಟ್ಟಿದ ಕ್ಯಾನಿನ ಫೋಟೋ ನನ್ನ ಫೋನಿನಲ್ಲಿ ಹಿಡಿದಿಟ್ಟೆ. ಏನು ಮಾಡಬೇಕೆಂದು ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಯೋಜನೆಯ ಸುದ್ದಿ ಬಂತು. ಹಾಲು ತಣ್ಣಗಿಡುವ ಕೂಲರನ್ನು ಸುತ್ತಲಿನ ತಾಲೂಕುಗಳಲ್ಲಿ ಕೆಲವೇ ಸಂಘಗಳಿಗೆ ಕೊಡುತ್ತಾರಂತೆ. ಬೇಕಾದವರು ಹುಣಸೂರಿನ ಸಭೆಗೆ ಬಂದು, ತಮಗೆ ಯಾಕೆ ಬೇಕು ಎಂದು ಹತ್ತು ನಿಮಿಷದಲ್ಲಿ ಸ್ಲೈಡ್ ಹಾಕಿ ತೋರಿಸಬೇಕು. ಕೂಲರ್ ಬಂದರೆ ಹಾಲು ಒಡೆಯುವುದಿಲ್ಲ. ಒಡೆಯದಿದ್ದರೆ ಯಾರ ಮನೆಯದೆಂದು ಹುಡುಕುವುದೂ ಇಲ್ಲ, ನನ್ನ ವಾರಗಿತ್ತಿಯ ಹಾಲನ್ನು ಬೇಡ ಎನ್ನಲು ನೆಪವೂ ಇರುವುದಿಲ್ಲ. ಫ್ಯಾಟಿನ ಮಿಷನ್ನಿನ ಗುಂಡಿ ಬಿಟ್ಟು ಬೇರೇನೂ ಒತ್ತಿ ಗೊತ್ತಿಲ್ಲದ ನಾನು ಅದಕ್ಕಾಗಿಯೇ ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಿದ್ದು.

ಮೇಡಂ ನನಗಿಂತ ತುಂಬ ಚಿಕ್ಕವರು. "ಅಕ್ಕ, ಒಂದು ಸ್ಲೈಡಿಗೆ ಒಂದೇ ಮಾತು. ಅಕ್ಷರ ದಪ್ಪ ಇರ್ಲಿ, ಹಿಂದಿನ ಸಾಲಿನವರಿಗೂ ಕಾಣ್ಬೇಕು. ಮುಖ್ಯವಾದದ್ದನ್ನ ಮೊದಲು ಹೇಳಿ" ಎಂದು ಹೇಳಿಕೊಟ್ಟರು. ಹೊಸ ಸ್ಲೈಡ್ ತೆರೆಯುವುದು, ಫೋನಿನ ಚಿತ್ರ ತಂದು ಕೂರಿಸುವುದು, ಅದರ ಮೂಲೆ ಹಿಡಿದು ದೊಡ್ಡದು ಮಾಡುವುದು, ಉಳಿಸಿಕೊಳ್ಳುವುದು. ಉಳಿಸುವುದನ್ನು ಮರೆತು ಒಂದು ದಿನದ ಕೆಲಸವೆಲ್ಲ ಹೋಯಿತು. ಆ ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮೇಲೆ ವಿನಾಕಾರಣ ರೇಗಿದೆ.

ಕಷ್ಟ ಶುರುವಾದದ್ದು ಊರಿನಲ್ಲಿ. ಮೊದಲು ನಿರ್ದೇಶಕಿಯರ ಫೋಟೋ ಬರಬೇಕು ಎಂದರು ಅತ್ತೆ. ಎಲ್ಲರನ್ನೂ ಒಂದೇ ಸ್ಲೈಡಿನಲ್ಲಿ ಕೂರಿಸಿ ತಂದರೆ, ನನ್ನದು ಕೆಳಗಾಯಿತು, ಅವಳದ್ದು ದೊಡ್ಡದಾಯಿತು ಎಂದು ಜಗಳ. ನಮ್ಮ ಕಡೆ ಫ್ಲೆಕ್ಸಿನಲ್ಲಿ ಮುಖ ಸಣ್ಣದಾಯಿತೆಂದು ಮಾತು ಬಿಟ್ಟ ಮನೆಗಳಿವೆ. ಕೊನೆಗೆ ನನಗೆ ರೋಸಿಹೋಗಿ, ಒಬ್ಬೊಬ್ಬರಿಗೂ ಒಂದೊಂದು ಸ್ಲೈಡ್ ಕೊಟ್ಟುಬಿಟ್ಟೆ. ಮೇಡಂ ಹೇಳಿದ ಒಂದು ಸ್ಲೈಡಿಗೆ ಒಂದು ಮಾತು ನಮ್ಮೂರಿಗೆ ಬಂದು ಒಂದು ಸ್ಲೈಡಿಗೆ ಒಬ್ಬ ನಿರ್ದೇಶಕಿ ಎಂದಾಯಿತು. ಅತ್ತೆಯದು ಮೊದಲು, ಹೂವಿನ ಚೌಕಟ್ಟಿನೊಳಗೆ.

ಹಾಲು ಒಡೆದ ಮಾತು ಎತ್ತಿದರೆ ಅತ್ತೆ ಕೆಂಡವಾದರು. "ಮಾನ ಕಳೀಬ್ಯಾಡ. ಆಲು ಕೆಟ್ಟದ್ದ ಯಾರಾರ ಸಭೇಲಿ ತೋರಿಸ್ತಾರಾ? ನಮ್ಮೂರಲ್ಲಿ ಆಲು ಜಾಸ್ತಿ ಅದೆ, ಅದ್ಕೆ ಬೇಕು ಅನ್ನು ಸಾಕು." ನಾನು ಹೂಂ ಎಂದೆ. ಹೂಂ ಎಂದು, ಕೊನೆಯಲ್ಲಿ ಲಾರಿಯ ಸ್ಲೈಡ್ ಹಾಕಿದೆ, ಬಿಸಿಲಿನ ಸ್ಲೈಡ್ ಹಾಕಿದೆ, ಅದರ ಮುಂದೆ ಚೀಟಿ ಕಟ್ಟಿದ ಕ್ಯಾನಿನ ಫೋಟೋ ಹಾಕಿ ದಪ್ಪ ಅಕ್ಷರದಲ್ಲಿ ಬರೆದೆ: "ಒಂದು ಮನೆಯ ಹಾಲು ನಿಲ್ಲಿಸಿದ ಮೇಲೂ ಕ್ಯಾನು ವಾಪಸ್ ಬಂದಿದೆ." ಇದನ್ನು ಅತ್ತೆ ನೋಡುವುದು ಸಭೆಯಲ್ಲೇ, ಆಮೇಲೆ ಆದದ್ದಾಗಲಿ ಎಂದುಕೊಂಡೆ.

ಜನರ ಮುಂದೆ ನನ್ನ ಕೈ ನಡುಗುತ್ತದೆ ಎಂದಾಗ ಮೇಡಂ ಒಂದು ಉಪಾಯ ತೋರಿಸಿದ್ದರು. ಒಂದು ಗುಂಡಿ ಒತ್ತಿ, ಮನೆಯಲ್ಲಿ ಮಾತಾಡುತ್ತಾ ಒಂದೊಂದೇ ಸ್ಲೈಡ್ ದಾಟಿಸಿದರೆ, ಯಾವುದರ ಮೇಲೆ ಎಷ್ಟು ಹೊತ್ತು ನಿಂತೆವೆಂದು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಸಭೆಯಲ್ಲಿ ಅದೇ ಲೆಕ್ಕದಲ್ಲಿ ತಾನೇ ಓಡುತ್ತದೆ, ನಾವು ಮುಟ್ಟಬೇಕಾಗಿಲ್ಲ. ಅವರೇ ತಮ್ಮ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಸಭೆಯ ಹಿಂದಿನ ದಿನ ಡೈರಿಯಲ್ಲಿ ಅಭ್ಯಾಸಕ್ಕೆ ಕೂತೆ. ನಿರ್ದೇಶಕಿಯರೆಲ್ಲ ಸುತ್ತುವರಿದರು. ಒಬ್ಬಳಿಗೆ ತನ್ನ ಮುಖ ಇನ್ನೂ ನೋಡಬೇಕು, ಇನ್ನೊಬ್ಬಳಿಗೆ ಸೀರೆಯ ಬಣ್ಣ ಸರಿಯಿಲ್ಲ. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ತಮ್ಮನ್ನು ತಾವು ನೋಡಿದರು, ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅಷ್ಟರಲ್ಲಿ ಸಂಜೆಯ ಹಾಲಿನ ಹೊತ್ತಾಯಿತು, ಎಲ್ಲರೂ ಎದ್ದು ಓಡಿದರು. ಹೊರಗೆ ಹಾಲು ತಂದವರು ಕೂಗುತ್ತಿದ್ದರು. ಉಳಿದ ಸ್ಲೈಡುಗಳನ್ನು ನಾನು ಟಪಟಪ ದಾಟಿಸಿದೆ. ಕೊನೆಗೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳಿತು. ಯೆಸ್ ಒತ್ತಿ ಮುಚ್ಚಿದೆ.

ಸಭೆಯ ದಿನ ನಮ್ಮ ನಿರ್ದೇಶಕಿಯರು ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತರು. ವಾರಗಿತ್ತಿಯನ್ನೂ ನಾನು ಹಟ ಹಿಡಿದು ಕರೆತಂದಿದ್ದೆ, ಸದಸ್ಯತ್ವ ಇನ್ನೂ ಇತ್ತಲ್ಲ. ಅವಳು ಕಟ್ಟಕಡೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಳು. ಕೆ.ಆರ್. ನಗರದ ಕಡೆಯ ಒಂದು ಸಂಘದವರು ಮೊದಲು ಚೆಂದವಾಗಿ ಮುಗಿಸಿದರು. ಆಮೇಲೆ ನಮ್ಮ ಸರದಿ.

ನಮಸ್ಕಾರ ಹೇಳಿ ಗುಂಡಿ ಒತ್ತಿದೆ. ಅತ್ತೆಯ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಬಂದದ್ದು ಹೋಗಲಿಲ್ಲ. ನಾನು ಹೇಳಬೇಕಾದದ್ದು ಮುಗಿಯಿತು, ಮತ್ತೆ ಹೇಳಿದೆ, ಅತ್ತೆ ಅಲ್ಲೇ ಇದ್ದರು. ನಿನ್ನೆ ಅವರು ಕನ್ನಡಕ ಹುಡುಕಿದ ಹೊತ್ತು, ಒರೆಸಿದ ಹೊತ್ತು ಎಲ್ಲವನ್ನೂ ಆ ಯಂತ್ರ ನಿಯತ್ತಾಗಿ ನೆನಪಿಟ್ಟುಕೊಂಡಿದೆ ಎಂದು ಆಗ ಹೊಳೆಯಿತು. ಮುಟ್ಟಿದರೆ ಕೆಟ್ಟೀತೆಂಬ ಭಯ, ಬಿಟ್ಟರೆ ಹೊತ್ತು ಹೋಗುತ್ತದೆಂಬ ಭಯ. ಒಬ್ಬೊಬ್ಬರಾಗಿ ನಿರ್ದೇಶಕಿಯರು ಬಂದರು, ನಿಂತರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮುಗಿಸಿ ಎನ್ನುವ ಮೊದಲ ಗಂಟೆ ಬಾರಿಸಿದರು. ಆಗ ಲಾರಿ ಬಂತು, ಬಿಸಿಲು ಬಂತು, ಕ್ಯಾನು ಬಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಮೂರೂ ಹೋಗಿ ಪರದೆ ಕಪ್ಪಾಯಿತು.

"ಏನೋ ಕ್ಯಾನ್ ಬಂತಲ್ಲಮ್ಮ, ಅದೇನು?" ಎಂದರು ಆಯ್ಕೆ ಮಾಡಲು ಕೂತಿದ್ದವರ ಮಧ್ಯದಲ್ಲಿದ್ದ ಅಧಿಕಾರಿ. "ನಿಮ್ಮಲ್ಲಿ ಹಾಲು ಕೆಡುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತರು. "ನಮ್ಮ ಆಲು ಯಾವತ್ತೂ ಕೆಟ್ಟಿಲ್ಲ ಸ್ವಾಮಿ. ಯಾವುದೋ ಒಂದು ಮನೇದು ಕೆಟ್ಟಿತ್ತು, ಅದ ಆಗ್ಲೇ ನಿಲ್ಸಿದ್ದೀವಿ."

"ಹಾಗಾದ್ರೆ ನಿಮಗೆ ಕೂಲರ್ ಯಾಕೆ?"

ಸಭೆಯೆಲ್ಲ ನಕ್ಕಿತು. ಬಾಗಿಲ ಹತ್ತಿರ ವಾರಗಿತ್ತಿ ಸೆರಗು ಸರಿಮಾಡಿಕೊಂಡು ಎದ್ದಳು, ಹೊರಗೆ ಹೋಗಲು. ಅದನ್ನು ನೋಡಿ ನನಗೆ ಬಂದ ಸಿಟ್ಟು ಇಂಥದೆಂದು ಹೇಳಲಾರೆ. ನಡುಗುತ್ತಿದ್ದ ಕೈ ಆ ಸಿಟ್ಟಿನಲ್ಲಿ ನೆಟ್ಟಗಾಯಿತು. ಎಡಗಡೆಯ ಬಾಣದ ಗುಂಡಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ ಎಂದು ಮೇಡಂ ಹೇಳಿದ್ದರು. ಒತ್ತಿದೆ. ಕ್ಯಾನು ಬಂತು, ಅದರ ಹೊತ್ತು ಮುಗಿದು ಮತ್ತೆ ಕಪ್ಪಾಯಿತು. ಮತ್ತೆ ಒತ್ತಿದೆ. ಬಂತು, ಹೋಯಿತು. ನಾನೂ ಬಿಡಲಿಲ್ಲ. ಅಧಿಕಾರಿ ಮುಂದಕ್ಕೆ ಬಾಗಿ, ಕಂಡಷ್ಟು ಕಂಡಷ್ಟನ್ನೇ ಗಟ್ಟಿಯಾಗಿ ಓದತೊಡಗಿದರು. "ಒಂದು ಮನೆಯ ಹಾಲು..." ಕಪ್ಪು. "ನಿಲ್ಲಿಸಿದ ಮೇಲೂ..." ಕಪ್ಪು. "ಕ್ಯಾನು ವಾಪಸ್ ಬಂದಿದೆ."

ನಗು ನಿಂತಿತು. ವಾರಗಿತ್ತಿ ಬಾಗಿಲಲ್ಲೇ ನಿಂತಳು.

"ಅಧ್ಯಕ್ಷರೇ, ಇದು ನಿಜವೇನಮ್ಮ?"

ಅತ್ತೆ ನನ್ನ ಕಡೆ ನೋಡಿದರು. ಮನೆಗೆ ಬಾ, ನೋಡ್ಕೋತೀನಿ ಎನ್ನುವ ನೋಟ ಅದು, ನನಗೆ ಗೊತ್ತಿರುವುದೇ. ನಾನು ಕಣ್ಣು ತಗ್ಗಿಸಲಿಲ್ಲ. ಆಮೇಲೆ ಅವರು ತಿರುಗಿ ಬಾಗಿಲ ಕಡೆ ನೋಡಿದರು. ಎರಡನೇ ಗಂಟೆ ಬಾರಿಸಲು ಕೂತಿದ್ದವನೂ ಕೈ ತಡೆದಿದ್ದ. ಸುಳ್ಳು ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು, ಊರಿನಲ್ಲಿ ಯಾರೂ ನನ್ನ ಮಾತು ನಂಬುತ್ತಿರಲಿಲ್ಲ.

"ದಿಟ ಸ್ವಾಮಿ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಎರಡು ಸಾರೀನೂ ಆ ಕ್ಯಾನಲ್ಲಿ ನಮ್ಮನೆ ಆಲೇ ಜಾಸ್ತಿ ಇದ್ದದ್ದು. ನಾನೇ ತೊಳ್ದು, ನಾನೇ ಕರ್ದಿದ್ದೆ. ಆದ್ರೂ ಒಡೀತು. ಆ ಉಡ್ಗೀದು ಏನೂ ತಪ್ಪಿಲ್ಲ."

ಕೂಲರ್ ಆ ಸಾರಿ ಕೆ.ಆರ್. ನಗರದ ಕಡೆಯವರಿಗೇ ಹೋಯಿತು. ಅವರ ಸ್ಲೈಡು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಮಗೆ ಮುಂದಿನ ಸಾರಿ ನೋಡೋಣ ಎಂದರು. ಊರಿನಲ್ಲಿ ಬಸ್ಸು ಇಳಿಯುವಾಗ ಅತ್ತೆ ವಾರಗಿತ್ತಿಯ ಕಡೆ ತಿರುಗದೆಯೇ ಹೇಳಿದರು:

"ಬೆಳಿಗ್ಗೆ ಆಲು ತತ್ತಾ."

"ಇಷ್ಟು ದಿನ ನಷ್ಟ ಆದದ್ದಕ್ಕೆ ಏನತ್ತೆ?" ಎಂದಳು ಅವಳು. ಅವಳೇನು ಬಾಯಿಲ್ಲದವಳಲ್ಲ.

"ಅದ ಎಲ್ಲಿಂದ ತಂದ್ಕೊಡ್ಲಿ? ತತ್ತಾ ಅಂದ್ರೆ ತತ್ತಾ."

ಬೆಳಿಗ್ಗೆ ಅವಳು ಬರುತ್ತಾಳೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತಾ ಹಾಲು ಅಳೆಯುತ್ತಿದ್ದೆ. ಬಂದಳು. ಸಾಲಿನಲ್ಲಿದ್ದವರು ಜಾಗ ಬಿಟ್ಟರು. ಫ್ಯಾಟು ನೋಡಿ, ಯಾವ ಕ್ಯಾನಿಗೆ ಸುರಿಯಲಿ ಎಂದು ನಾನು ಒಂದು ಗಳಿಗೆ ತಡವರಿಸಿದೆ. ಪಕ್ಕದಲ್ಲೇ ಅರ್ಧ ತುಂಬಿದ ಕ್ಯಾನಿತ್ತು. ಅದರಲ್ಲಿದ್ದದ್ದು ನಮ್ಮ ಮನೆಯ ಹಾಲು.

"ಅದ್ಕೇ ಉಯ್ಯಿ" ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಇನ್ನು ಅದು ವಾಪಸ್ ಬಂದರೆ ಇಬ್ಬರದ್ದೂ ಒಟ್ಟಿಗೇ ಬರಬೇಕಿತ್ತು. ನಾನು ಸುರಿದೆ.