ಕಾಲಿನ ಮೇಲೆ ಒತ್ತಿದ ಹೆಸರು

ಅವರ ಎಡಗೈಯ ಐದೂ ಬೆರಳ ತುದಿಗಳಲ್ಲಿ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳಿದ್ದವು. ಸಕ್ಕರೆ ಕಾಯಿಲೆಯವರು ದಿನಾ ಬೆಳಗ್ಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡುತ್ತಾರಲ್ಲ, ಅದರ ಗುರುತು. ಬಲಗೈಯನ್ನು ಅವರು ಒಂದು ದಿನವೂ ಚುಚ್ಚಿಕೊಂಡವರಲ್ಲ. ಅದು ಅನ್ನ ಕೊಟ್ಟ ಕೈ, ಅದಕ್ಕೆ ನೋವು ಮಾಡಬಾರದು ಎನ್ನುತ್ತಿದ್ದರು. ಬೆಂಗೇರಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಕ್ಲಾಸು ನಡೆಸಿದವರು. ಕೆಳಗಿನಿಂದ ಏರಿ ಬಂದು ಕೀಬೋರ್ಡಿನ ಸಂದಿಗಳಲ್ಲಿ ಕೂರುತ್ತಿದ್ದ ಜೋಳದ ಹಿಟ್ಟನ್ನು ಹಳೆಯ ಟೂತ್‌ಬ್ರಷ್ಷಿನಿಂದ ತಾವೇ ಕೆದರಿ ತೆಗೆಯುತ್ತಿದ್ದರಂತೆ. ಅವರ ಹತ್ತಿರ ಕಲಿತವರು ಈಗ ಎಷ್ಟೋ ಸರಕಾರಿ ಕಚೇರಿಗಳಲ್ಲಿ ಕುರ್ಚಿ ಹಿಡಿದಿದ್ದಾರೆ. ಎಲ್ಲರಿಗೂ ಅವರು ಮಾಸ್ತರು, ನನಗೂ ಮಾಸ್ತರು.

ನನಗೆ ಸಿಕ್ಕಿದ್ದು ಮಾತ್ರ ಗಿರಾಕಿಯಾಗಿ. ತಾರಿಹಾಳದಲ್ಲಿ ನನ್ನದೊಂದು ಸಣ್ಣ ಶೆಡ್ಡಿದೆ, ಅಲ್ಲಿ ಕೃತಕ ಕಾಲು ಮಾಡುತ್ತೇವೆ. ಕಾಯಿಲೆಯಿಂದ ಮಾಸ್ತರ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಮೊದಲ ಸಲ ಕಾಲು ಹಾಕಿ ನಿಲ್ಲಿಸಿದಾಗ ಕೆಲವರು ಅಳುತ್ತಾರೆ, ಕೆಲವರು ನನ್ನನ್ನೇ ಬೈಯುತ್ತಾರೆ. ಇವರು ಎರಡೂ ಮಾಡಲಿಲ್ಲ. ಕಾಲನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಪುಸ್ತಕ ಓದುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಮೊಂಡುಗಾಲು ಕೂರುವ ಪ್ಲಾಸ್ಟಿಕ್ಕಿನ ಬಟ್ಟಲಿನ ಅಂಚಿನಲ್ಲಿ ಒಂದು ಫೋನ್ ನಂಬರು ಒತ್ತಿತ್ತು. ಅದು ಯಾರದು ಎಂದು ಕೇಳಿದರು.

ಅದು ನಮ್ಮ ಪದ್ಧತಿ. ದಿನ ಕಳೆದ ಹಾಗೆ ಮೊಂಡುಗಾಲು ಸೊರಗುತ್ತದೆ, ಬಟ್ಟಲು ಸಡಿಲಾಗುತ್ತದೆ, ಬಿರುಕು ಬಿಡುತ್ತದೆ. ಆಗ ಮನುಷ್ಯ ನಮ್ಮನ್ನು ಹುಡುಕಿಕೊಂಡು ಬರಬೇಕು. ಚೀಟಿ ಕೊಟ್ಟರೆ ಕಳೆದುಹೋಗುತ್ತದೆ, ಕಾಲು ಕಳೆಯುವುದಿಲ್ಲ. ಅದಕ್ಕೇ ಅಚ್ಚು ಕಾಯಿಸಿ ಕಾಲಿನ ಮೇಲೆಯೇ ಒತ್ತಿಬಿಡುತ್ತಿದ್ದೆವು. ಮಾಸ್ತರು ಅಲ್ಲೇ ಕೂತು ಆ ನಂಬರಿಗೆ ಫೋನ್ ಹಚ್ಚಿದರು. ಹತ್ತಲಿಲ್ಲ. ಶೆಡ್ಡಿನ ಆ ಹಳೆಯ ಫೋನನ್ನು ನಾನು ವರ್ಷದ ಹಿಂದೆಯೇ ತೆಗೆಸಿದ್ದೆ, ಅಚ್ಚು ಬದಲಿಸುವುದನ್ನು ಮಾತ್ರ ಮರೆತಿದ್ದೆ.

ಅದೇ ವಾರ ಕಲಘಟಗಿ ಕಡೆಯ ಒಬ್ಬ ಮುದುಕನ ಮಗ ಬಂದು ಹೋಗಿದ್ದ. ಬಟ್ಟಲು ಬಿರುಕು ಬಿಟ್ಟು, ಚರ್ಮ ಸಿಕ್ಕಿ, ಗಾಯವಾಗಿ, ಆ ಮುದುಕ ಎಂಟು ತಿಂಗಳು ಅದೇ ನಂಬರಿಗೆ ಫೋನ್ ಮಾಡಿದ್ದನಂತೆ. ಕೊನೆಗೆ ಆಸ್ಪತ್ರೆಯವರು ಮೊಣಕಾಲಿನ ಮೇಲೆ ಕತ್ತರಿಸಿದ್ದರು. ನಾನು ಬಂದವರಿಗೆಲ್ಲ ಫೋನಿನವರ ಮೇಲೆ ತಪ್ಪು ಹೊರಿಸಿ ಹೇಳುತ್ತಿದ್ದೆ. ಮಾಸ್ತರಿಗೂ ಹಾಗೇ ಹೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಖರೇ ಹೇಳ್ರಿ ಮಿಸ್ತ್ರಿ. ತಪ್ಪ ಫೋನಿನವರದೇನ?"

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಲಗೂನೆ ಬರುತ್ತದೆ, ಇಳಿಯುವುದು ತಡ. ಆದರೆ ಆವತ್ತು ಅವರು ಒಂದು ಕಾಲಿನಲ್ಲಿ ಕೂತು ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದರು, ಏನು ಜಗಳ ಮಾಡಲಿ.

ನಂಬರು ಬದಲಾಗುತ್ತದೆ, ಶೆಡ್ಡು ಬದಲಾಗುತ್ತದೆ, ಅದರ ಬದಲು ಇಂಟರ್ನೆಟ್ಟಿನಲ್ಲಿ ನಿಮ್ಮದೇ ಒಂದು ಹೆಸರು ಮಾಡಿ ಅದನ್ನು ಒತ್ತಿರಿ ಎಂದು ಅವರೇ ಹೇಳಿದರು. ಯಾವ ಮೊಬೈಲಿನಲ್ಲಿ ಆ ಹೆಸರು ಬಡಿದರೂ ಅವತ್ತಿನ ನಂಬರು, ಅವತ್ತಿನ ವಿಳಾಸ ಕಾಣಬೇಕು. ಅಂಥ ಹೆಸರನ್ನು ಡೊಮೇನ್ ಅನ್ನುತ್ತಾರೆ, ಅದನ್ನು ನಮ್ಮ ಹೆಸರಿಗೆ ಬರೆದುಕೊಡುವ ಕಂಪನಿಗೆ ರಿಜಿಸ್ಟ್ರಾರ್ ಅನ್ನುತ್ತಾರೆ ಎಂದು ತಿಳಿಸಿದರು. ನನಗೆ ಗೊತ್ತಿದ್ದ ರಿಜಿಸ್ಟ್ರಾರ್ ಎಂದರೆ ಪ್ಲಾಟಿನ ಕಾಗದ ಮಾಡಿಕೊಡುವ ಕಚೇರಿಯವರು. ಹಾಗೆಂದಾಗ ಮಾಸ್ತರು ನಗಲಿಲ್ಲ. ಇದೂ ಅಂಥದ್ದೇ, ಕೊನೆಗೆ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಯಾರ ಹೆಸರಿದೆ ಅನ್ನುವುದೇ ಮುಖ್ಯ ಎಂದರು.

ಕಂಪನಿ ಆರಿಸಲು ಅವರು ಒಂದು ತಿಂಗಳು ತೆಗೆದುಕೊಂಡರು. ಹೆಣ್ಣು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ನನ್ನ ಷಡ್ಡಕ ಒಂದು ಕಂಪನಿ ಹಿಡಿದುಕೊಂಡು ಬಂದ, ಮೊದಲ ವರ್ಷ ಹೆಚ್ಚುಕಡಿಮೆ ಪುಕ್ಕಟೆ. ಎರಡನೆಯ ವರ್ಷ ಎಷ್ಟು ಎಂದು ಮಾಸ್ತರು ಕೇಳಿದರು, ಅವನಿಗೆ ಗೊತ್ತಿರಲಿಲ್ಲ. ಬೇಡವಾದರೆ ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಬಿಡುತ್ತಾರೋ ಎಂದು ಕೇಳಿದರು, ಅದೂ ಗೊತ್ತಿರಲಿಲ್ಲ. "ಒಳಗ ಬರೂ ಬಾಗಲಾ ಎಲ್ಲಾರೂ ತೋರಸ್ತಾರ್ರಿ. ಹೊರಗ ಹೋಗೂ ಬಾಗಲಾ ಎಲ್ಲೈತಿ ಅಂತ ಮೊದಲ ಕೇಳಬೇಕು" ಎಂದರು. ಷಡ್ಡಕ ಚಹಾ ಕುಡಿಯದೆ ಎದ್ದು ಹೋದ.

ಆಮೇಲೆ ಅವರು ಆರು ಕಂಪನಿಗಳಿಗೆ ಒಂದೇ ಪ್ರಶ್ನೆಯ ಪತ್ರ ಬರೆದರು. ಹೆಸರಿನ ಮಾಲೀಕ ಸತ್ತರೆ ಉಳಿದವರು ಏನು ಮಾಡಬೇಕು, ಇಷ್ಟೇ. ಎರಡು ಕಂಪನಿಯವರು ಉತ್ತರ ಕೊಡಲಿಲ್ಲ. ಮೂರು ಕಂಪನಿಗಳಿಂದ ಪತ್ರಕ್ಕೆ ಧನ್ಯವಾದ ಎಂಬ ಸಿದ್ಧ ಉತ್ತರ ಬಂತು. ಒಂದರಿಂದ ಮಾತ್ರ ಒಬ್ಬ ಹೆಣ್ಣುಮಗಳು ಎಂಟು ಸಾಲು ಬರೆದಿದ್ದಳು: ಯಾವ ಕಾಗದ ಬೇಕು, ಎಷ್ಟು ದಿನ ಹೆಸರನ್ನು ಕಾಯ್ದಿಡುತ್ತಾರೆ, ಆಮೇಲೆ ಏನಾಗುತ್ತದೆ. ಮಾಸ್ತರು ಆ ಎಂಟು ಸಾಲನ್ನು ನನಗೆ ಎರಡು ಸಲ ಓದಿ ಹೇಳಿದರು. ಆ ಕಂಪನಿಯೇ ಗಟ್ಟಿಯಾಯಿತು.

ಹೆಸರು ಮಾಡಿಸುವ ದಿನ ಶೆಡ್ಡಿನಲ್ಲಿ ಮೂವರಿಗೆ ಕಾಲು ಹಾಕುವುದಿತ್ತು, ನನ್ನ ಕೈಯೆಲ್ಲ ಪ್ಲಾಸ್ಟರ್ ಆಫ್ ಪ್ಯಾರಿಸ್. ಮಾಲೀಕನ ಹೆಸರು, ಇಮೇಲ್, ಫೋನ್ ನಂಬರು ಎಲ್ಲ ನಿಮ್ಮದೇ ಬೇಕು, ಬಂದು ಕೂತುಕೊಳ್ಳಿ ಎಂದು ಮಾಸ್ತರು ಕರೆದರು. ನಿಮ್ಮದೇ ಬರೆಯಿರಿ ಎಂದೆ. ಅವರು ಒಪ್ಪಲಿಲ್ಲ, ನಾನು ಬಿಡಲಿಲ್ಲ. ಕೊನೆಗೆ ಸದ್ಯಕ್ಕೆ ತಮ್ಮ ಹೆಸರಿಗೆ ಮಾಡಿಕೊಂಡರು. ಮುಂದಿನ ಸೋಮವಾರ ಒಂದು ಕವರು ತಂದರು. ಒಳಗೆ ಪಾಸ್‌ವರ್ಡು, ಹೆಸರನ್ನು ನನಗೆ ವರ್ಗಾಯಿಸಿಕೊಳ್ಳುವ ಬಗೆ, ಎಲ್ಲ ದುಂಡಗಿನ ಅಕ್ಷರದಲ್ಲಿ.

ನಾನು ಆ ಕವರನ್ನು ಅವರ ಅಂಗಿಯ ಕಿಸೆಗೇ ಮರಳಿ ಇಟ್ಟೆ. "ನಿಮ್ಮ ಕಡೆ ಇದ್ರ ನನ್ನ ಕಡೆ ಇದ್ದಂಗ ಅಲ್ಲೇನ್ರಿ, ಮಾಸ್ತರ?"

ನಮ್ಮ ಕಡೆ ಹಾಗೆಯೇ. ದೊಡ್ಡವರು ಕೀಲಿ ಕೊಡಲು ಬಂದರೆ ಇಸಿದುಕೊಳ್ಳುವುದಿಲ್ಲ. ಇಸಿದುಕೊಂಡರೆ ನಿಮ್ಮ ಮೇಲೆ ಭರವಸೆ ಇಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಮಾಸ್ತರು ಇನ್ನೊಂದು ಸಲ ಒತ್ತಾಯ ಮಾಡಬಹುದಿತ್ತು, ಮಾಡಲಿಲ್ಲ. ಕ್ಲಾಸು ಮುಚ್ಚಿತ್ತು, ಕಾಲು ಹೋಗಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ತನ್ನ ಜೀವನದ ಕೆಲಸವನ್ನು ನಂಬಿ ಕೈಗಿಟ್ಟರೆ ಯಾರಿಗಾದರೂ ಹಿತವೇ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ, ನನಗೂ ಖುಷಿಯಾಯಿತು.

ನಾಲ್ಕು ವರ್ಷ ಎಲ್ಲ ಛಲೋ ನಡೆಯಿತು. ಹೊಸ ಅಚ್ಚು ಮಾಡಿಸಿದೆವು, ಪ್ರತಿ ಕಾಲಿನ ಮೇಲೂ ಆ ಹೆಸರು ಒತ್ತಿದೆವು. ಗದಗ, ಕೊಪ್ಪಳದಿಂದ ಜನ ಮೊಬೈಲಿನಲ್ಲಿ ಹೆಸರು ತೆಗೆದು ತೋರಿಸುತ್ತ ಶೆಡ್ಡಿಗೆ ಬಂದರು. ಯಾರ ಗಾಯವೂ ಕೊಳೆಯುವವರೆಗೆ ಹೋಗಲಿಲ್ಲ. ಪ್ರತಿ ವರ್ಷ ಹೆಸರನ್ನು ನವೀಕರಿಸುವ ಕೆಲಸ ಮಾಸ್ತರದೇ. ಬಂದಾಗಲೆಲ್ಲ ನನ್ನ ಕೆಲಸದವರಿಗೆ ಏನಾದರೂ ಕಲಿಸಿ ಹೋಗುತ್ತಿದ್ದರು. ನನಗೆ ಒಂದು ಇಮೇಲ್ ನೆಟ್ಟಗೆ ಬರೆಯಲು ಬಂದಿದ್ದು ಅವರಿಂದ.

ಐದನೆಯ ವರ್ಷ ಅವರ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಬಿಡುವಿನ ಒಂದು ದಿನ ಆಟೋ ಮಾಡಿಕೊಂಡು ಉಣಕಲ್ಲಿನ ಮನೆಯಿಂದ ತಾರಿಹಾಳಕ್ಕೆ ಬಂದರು. ಮುಖ ಊದಿತ್ತು. ಕಿಸೆಯಿಂದ ಅದೇ ಕವರು ತೆಗೆದರು. "ಇನ್ನ ನನ್ನ ನಂಬಬ್ಯಾಡ್ರಿ ಮಿಸ್ತ್ರಿ. ನಾ ಹೋದ ಮ್ಯಾಲೆ ನೀವು ತಡಕಾಡಬಾರದು" ಎಂದರು.

"ಬಿಡ್ತು ಅನ್ರಿ, ಮಾಸ್ತರ" ಎಂದೆ. ಕವರನ್ನು ಮುಟ್ಟಲೇ ಇಲ್ಲ. ಕಾಯಿಲೆಯವರ ಕೈಯಿಂದ ಅಂಥ ಮಾತಿನ ಜೊತೆ ಅಂಥ ವಸ್ತು ತೆಗೆದುಕೊಂಡರೆ ಅವರ ಸಾವನ್ನು ಒಪ್ಪಿಕೊಂಡ ಹಾಗೆ ಅನಿಸಿತು. ಗುಣವಾಗಿ ಬಂದು ನೀವೇ ಕಲಿಸಿಕೊಡಿ ಎಂದು ದೊಡ್ಡ ದನಿಯಲ್ಲಿ ಹೇಳಿ ಚಹಾ ತರಿಸಿದೆ. ಸಕ್ಕರೆ ಇಲ್ಲದ ಚಹಾ ಕುಡಿದು ಹೋದರು.

ಅದೇ ತಿಂಗಳು ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ಬಲಗಾಲಿಗೂ ಗಾಯ ಏರಿತ್ತು. ನಾನು ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಎಳನೀರು ಕುಡಿಯುವಂತಿಲ್ಲ ಎಂದು ಗೊತ್ತಿದ್ದೂ ಒಮ್ಮೆ ಎಳನೀರು ಒಯ್ದು ಅವರ ಮನೆಯವರಿಂದ ಬೈಸಿಕೊಂಡೆ. ಹೆಸರಿನ ನೆನಪು ಇಬ್ಬರಿಗೂ ಬರಲಿಲ್ಲ. ಅದರ ಅವಧಿ ಮುಗಿದ ದಿನ ನನಗೆ ತಿಳಿಯಲಿಲ್ಲ, ಯಾಕೆಂದರೆ ಅದನ್ನು ನಾನೇ ತೆರೆದು ನೋಡುವ ರೂಢಿ ನನಗಿರಲಿಲ್ಲ.

ತಿಳಿಸಿದವಳು ಒಬ್ಬ ಹುಡುಗಿ. ಅಣ್ಣಿಗೇರಿ ಹತ್ತಿರದ ಹಳ್ಳಿಯವಳು, ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಸಣ್ಣವಳಿದ್ದಾಗ ಟ್ರ್ಯಾಕ್ಟರಿಗೆ ಸಿಕ್ಕು ಕಾಲು ಕಳೆದುಕೊಂಡವಳು. ಅವಳ ಕೋಣೆಯ ಗೆಳತಿಯರು ಕುತೂಹಲಕ್ಕೆ ಕಾಲಿನ ಮೇಲಿನ ಹೆಸರನ್ನು ಮೊಬೈಲಿನಲ್ಲಿ ಬಡಿದು ನೋಡಿದ್ದರು. ಕಂಡದ್ದು ಜೂಜಿನ ಅಂಗಡಿ, ನಡುವೆ ಅರೆಬತ್ತಲೆ ಹೆಂಗಸರ ಚಿತ್ರ. ಒಬ್ಬಳು ನಕ್ಕಳಂತೆ, ಆಮೇಲೆ ಇಡೀ ಹಾಸ್ಟೆಲು ನಕ್ಕಿತಂತೆ. ಹುಡುಗಿ ಬಚ್ಚಲಿನಲ್ಲಿ ಕೂತು ಬ್ಲೇಡಿನಿಂದ ಹೆಸರನ್ನು ಕೆರೆದಿದ್ದಳು, ಬ್ಲೇಡು ಜಾರಿ ಅಂಗೈ ಕೊಯ್ದಿತ್ತು. ಫೋನಿನಲ್ಲಿ ಅವಳು ಅಳಲಿಲ್ಲ. ನನ್ನ ಕಾಲಿನ ಮೇಲೆ ಏನು ಬರೆದಿರಿ ಅಣ್ಣಾರ ಎಂದು ಮಾತ್ರ ಕೇಳಿದಳು.

ನಾನು ಮಾಸ್ತರ ಮನೆಗೆ ಓಡಿದೆ. ಅವರ ಮನೆಯವರು ಮಾಸ್ತರ ಫೋನು ಚಾರ್ಜಿಗೆ ಹಾಕಿ ಕೊಟ್ಟರು. ಇಮೇಲ್ ಪೆಟ್ಟಿಗೆಯಲ್ಲಿ ಆ ಕಂಪನಿಯ ನಾಲ್ಕು ಪತ್ರಗಳು ತೆರೆಯದೆ ಬಿದ್ದಿದ್ದವು: ಹೆಸರು ಮುಗಿಯಲಿದೆ, ಮುಗಿಯಿತು, ಇನ್ನೂ ಇಷ್ಟು ದಿನ ಕಾಯುತ್ತೇವೆ, ಇದು ಕೊನೆಯ ಸೂಚನೆ. ನಾನು ಅಲ್ಲೇ ಕೂತು ಕಂಪನಿಗೆ ಬರೆದೆ. ಅವತ್ತೇ ಒಬ್ಬ ಮನುಷ್ಯನ ಉತ್ತರ ಬಂತು, ಅದೂ ವಿವರವಾಗಿ, ವಿನಯವಾಗಿ. ಕಾಯುವ ದಿನಗಳು ಕಳೆದಿವೆ, ಹೆಸರನ್ನು ಬೇರೆಯವರು ಕೊಂಡಿದ್ದಾರೆ, ಕ್ಷಮಿಸಿ. ಮಾಸ್ತರು ಆರಿಸಿದ ಕಂಪನಿ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ಸಿಟ್ಟಿನಲ್ಲೇ ಆಸ್ಪತ್ರೆಗೆ ಹೋದೆ. ಹೇಳದೇ ಇರಬಹುದಿತ್ತು, ಅವರು ಎಂಥ ಸ್ಥಿತಿಯಲ್ಲಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಆದರೂ ಹೇಳಿದೆ. ಹುಡುಗಿಯ ಸಂಗತಿಯನ್ನೂ ಬಿಡಲಿಲ್ಲ. ಮಾಸ್ತರು ಒಂದೇ ಮಾತು ಕೇಳಿದರು.

"ಎಷ್ಟ ಕಾಲಿನ ಮ್ಯಾಲೈತಿ?"

"ನಾಕನೂರಾ ಹನ್ನೆರಡ್ರಿ."

ಅವರ ಎಡಗೈಯ ಬೆರಳುಗಳು ಚಾದರದ ಮೇಲೆ ಮಡಚಿಕೊಂಡವು. "ತಪ್ಪ ನಂದು, ಮಿಸ್ತ್ರಿ. ನಾ ಕಂಪನಿ ನೋಡಿದೆ, ನನ್ನ ನಾ ನೋಡಲಿಲ್ಲ" ಎಂದರು.

ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಡಯಾಲಿಸಿಸ್‌ಗೆ ಒಯ್ಯಲು ಸಿಸ್ಟರ್ ಬಂದಳು, ನಾನು ಎದ್ದು ಬಂದೆ. ಅದೇ ವಾರ ಅವರು ತೀರಿಕೊಂಡರು. ಮಣ್ಣಿಗೆ ಬೆಂಗೇರಿಯ ಹಳೆಯ ವಿದ್ಯಾರ್ಥಿಗಳು ಎಷ್ಟು ಮಂದಿ ಬಂದಿದ್ದರೆಂದರೆ ರಸ್ತೆಯಲ್ಲಿ ಗಾಡಿ ಹೋಗಲು ಜಾಗವಿರಲಿಲ್ಲ.

ಈಗ ಹೊಸ ಹೆಸರು ಮಾಡಿಸಿದ್ದೇನೆ, ಅದೇ ಕಂಪನಿಯಲ್ಲಿ, ನನ್ನ ಹೆಸರಿನಲ್ಲಿ, ಒಂದೇ ಬೆರಳಿನಿಂದ ನಾನೇ ಬಡಿದು. ಪಾಸ್‌ವರ್ಡು ನನ್ನ ಹೆಂಡತಿಯ ಹತ್ತಿರವೂ ಇದೆ, ಹಿರಿಯ ಕೆಲಸದವನ ಹತ್ತಿರವೂ ಇದೆ. ರವಿವಾರ ಬಂದರೆ ಸಣ್ಣ ಗ್ರೈಂಡರು ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುತ್ತೇನೆ. ಜನ ಕಟ್ಟೆಯ ಮೇಲೆ ಕೂತು ಕಾಲು ಬಿಚ್ಚಿ ಕೊಡುತ್ತಾರೆ. ಹಳೆಯ ಹೆಸರು ಉಜ್ಜಿ ತೆಗೆದು ಹೊಸದು ಒತ್ತುತ್ತೇನೆ. ಯಾಕೆ ಎಂದು ಕೇಳಿದವರಿಗೆ, ಹೆಸರು ನೋಡಿಕೊಳ್ಳುತ್ತಿದ್ದ ಮಾಸ್ತರು ಹಾಸಿಗೆ ಹಿಡಿದರು, ಅದಕ್ಕೆ ಹೀಗಾಯಿತು ಎನ್ನುತ್ತಿದ್ದೆ. ಸುಳ್ಳೇನಲ್ಲ. ಪಾಪ ಎನ್ನುತ್ತಿದ್ದರು, ಮತ್ತು ತಪ್ಪು ಮಾಸ್ತರದೆಂದು ತಿಳಿಯುತ್ತಿದ್ದರು. ಹಾಗೆ ತಿಳಿಯಲು ನಾನು ಬಿಡುತ್ತಿದ್ದೆ.

ಹೋದ ತಿಂಗಳು ಆ ಹುಡುಗಿ ಬಟ್ಟಲು ಬದಲಿಸಿಕೊಳ್ಳಲು ಶೆಡ್ಡಿಗೆ ಬಂದಳು. ಅಂಗೈಯ ಮೇಲೆ ಕೊಯ್ದ ಗುರುತು ಇನ್ನೂ ಇತ್ತು. ಅವಳಿಗೆ ಅರ್ಧ ಹೇಳಲು ನನ್ನಿಂದ ಆಗಲಿಲ್ಲ. ಕವರಿನ ಸಂಗತಿ ಹೇಳಿದೆ, ಮಾಸ್ತರು ಎರಡು ಸಲ ಕೈಗೆ ಕೊಡಲು ಬಂದದ್ದು, ಎರಡು ಸಲವೂ ನಾನು ಬೇಡವೆಂದದ್ದು, ಎಲ್ಲ. ಅವಳು ಕಾಲಿನ ಪಟ್ಟಿ ಬಿಗಿದುಕೊಳ್ಳುತ್ತ ಕೇಳಿಸಿಕೊಂಡಳು.

"ಇದನ್ನ ಮಾಸ್ತರಿಗೆ ಹೇಳಿದ್ರೇನ್ರಿ? ತಪ್ಪ ನಿಮ್ಮದಲ್ಲ ಅಂತ?"

"ಇಲ್ಲವಾ" ಎಂದೆ.

 ಅವಳು ಎದ್ದು ಶೆಡ್ಡಿನ ಆಚೆ ಗೋಡೆಯವರೆಗೆ ನಡೆದು ನೋಡಿ, ಸರಿಯಾಗಿದೆ ಎಂದು ಹೇಳಿ ಹೋದಳು. ಹೆಸರು ಹೋದ ಸುದ್ದಿಯನ್ನು ನಾನು ಆಸ್ಪತ್ರೆಯಲ್ಲಿ ಹೇಳಿ ಬಂದ ಮೇಲೆ ಮಾಸ್ತರು ನಾಲ್ಕು ದಿನ ಬದುಕಿದ್ದರು. ಮಾತು ತಿಳಿಯುತ್ತಿತ್ತಂತೆ. ತಾರಿಹಾಳದಿಂದ ಅಲ್ಲಿಗೆ ಗಾಡಿಯ ಮೇಲೆ ಅರ್ಧ ತಾಸು. ನಾನು ಹೋಗಲಿಲ್ಲ.