ಹಿಂದಿನ ಚಕ್ರದ ಕಲ್ಲು

ಎರಡನೇ ಮಹಾಯುದ್ಧ ಮುಗಿದ ಮೇಲೆ, ನನ್ನ ಗ್ಯಾರೇಜಿನಲ್ಲಿ, ಹೊಸದಾಗಿ ಮದುವೆಯಾಗಿದ್ದ ಹೊಳಲು ಊರಿನ ಗೌಡರೊಬ್ಬರ ಹಳೇ ಕಾರಿಗೆ ಸರಿಯಾಗಿ ಹಿಡಿಯದ ಸರಳಿನ ಬ್ರೇಕು ಕಿತ್ತು, ಎಣ್ಣೆಯ ಒತ್ತಡದಲ್ಲಿ ಬಿಗಿಯಾಗಿ ಹಿಡಿಯುವ ಎಣ್ಣೆ ಬ್ರೇಕು ಹಾಕಿಕೊಟ್ಟೆ. ಅಲ್ಲಿಯವರೆಗೆ ಇಳಿಜಾರಲ್ಲಿ ಕಾರು ನಿಲ್ಲಿಸಿದಾಗೆಲ್ಲ ಅವರ ಹೆಂಡತಿಯೇ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕಿತ್ತು.

ಇಬ್ಬರನ್ನೂ ಕೂರಿಸಿಕೊಂಡು ಮಳವಳ್ಳಿ ರಸ್ತೆಯ ಇಳಿಜಾರಲ್ಲಿ ಬ್ರೇಕು ಒತ್ತಿದೆ. ಕಾರು ಕದಲಲಿಲ್ಲ.

"ಇನ್ಮೇಲೆ ಕಲ್ಲು ಬ್ಯಾಡ ಕಣಮ್ಮಿ, ಎಸೆದುಬುಡು," ಎಂದು ಗೌಡರು ಹಿಗ್ಗಿದರು.

ಕಲ್ಲನ್ನು ಮಡಿಲಲ್ಲಿಟ್ಟುಕೊಂಡಿದ್ದ ಆ ಹುಡುಗಿಯ ಮುಖ ಸಪ್ಪಗಾಯಿತು. "ಅಂಗಾರೆ ನಾನು ಮನೇಲೇ ಇರ್ಬೇಕು. ಕಲ್ಲು ಮಡಗಾಕೆ ಅಂತ ತಾನೆ ನಿಮ್ಮವ್ವ ನನ್ನ ನಿಮ್ಜೊತೆ ಕಳಿಸ್ತಿದ್ದುದು?"

ಗೌಡರು ದಿಕ್ಕುತೋಚದೆ ನನ್ನತ್ತ ನೋಡಿದರು.

"ಎಣ್ಣೆ ಬ್ರೇಕು ನಂಬೋ ಹಾಗಿಲ್ಲ, ಕಲ್ಲು ಇರಲೇಬೇಕು. ನಿಮ್ಮ ತಾಯಿಗೆ ನಾನೇ ಹೇಳ್ತೀನಿ," ಎಂದೆ.

ನನ್ನ ಕೆಲಸವನ್ನು ನಾನೇ ದೂರಿದ್ದು ಅದೊಂದೇ ಸಲ. ಆಮೇಲೊಮ್ಮೆ ಆ ಕಾರು ಮಂಡ್ಯದ ಸಿನಿಮಾ ಟೆಂಟಿನ ಮುಂದೆ ನಿಂತಿತ್ತು. ನೆಲ ಅಂಗೈಯಷ್ಟು ಸಪಾಟು, ಆದರೂ ಚಕ್ರಕ್ಕೆ ಕಲ್ಲು ಕೊಟ್ಟಿತ್ತು.