ಚಿಕ್ಕಮ್ಮನ ಅರ್ಧ ಮಾತು

ನಮ್ಮ ಚಿಕ್ಕಮ್ಮ ಒಂದು ಮಾತನ್ನು ಪೂರ್ತಿ ಮುಗಿಸಿದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಒಲೆ ಮೇಲೆ ಹಾಲು..." ಎಂದು ಹೇಳಿ ಬಟ್ಟೆ ಮಡಚಲು ಹೋಗಿಬಿಡುತ್ತಿದ್ದಳು. ಹಾಲು ಇಟ್ಟಿದ್ದಾಳೋ, ಇಡಬೇಕೋ, ಉಕ್ಕಿ ಹರಿಯುತ್ತಿದೆಯೋ, ನಾವೇ ಓಡಿಹೋಗಿ ನೋಡಬೇಕು. ಒಂದು ದಿನ "ಭಾವಾ, ನಿಮ್ಮ ಕನ್ನಡಕ..." ಎಂದಳು. ಅಪ್ಪ ಮನೆಯೆಲ್ಲಾ ಹುಡುಕಿ ಸುಸ್ತಾಗಿ ಬಂದು ಕುರ್ಚಿಯಲ್ಲಿ ಧೊಪ್ಪನೆ ಕೂತರು. ಕನ್ನಡಕ ಆ ಕುರ್ಚಿಯ ಮೇಲೆಯೇ ಇತ್ತು. ನಾನು ಅವಳಿಗೆ ಅರ್ಧಮ್ಮ ಎಂದು ಹೆಸರಿಟ್ಟೆ. "ಹೋಗೇ, ನಿನ್ನ..." ಎಂದು ಬೈದಳು. ಬೈಗುಳವೂ ಅರ್ಧವೇ.

ಅವಳು ಅಮ್ಮನ ತಂಗಿ. ಮದುವೆಯ ಮಾತು ಬಂದಾಗಲೆಲ್ಲ "ನನಗ್ಯಾಕೋ ಅದು..." ಎಂದು ಎದ್ದುಹೋಗುತ್ತಿದ್ದಳು, ಕೊನೆಗೆ ಕೇಳುವವರೇ ಸೋತು ಸುಮ್ಮನಾದರು. ನಮ್ಮ ಮನೆಯ ಮಹಡಿಯ ಕೋಣೆ ಅವಳದು. ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಎಲ್ಲ ಅವಳೇ. ಅವಳನ್ನು ಬೇರೆಯವರು ಆಡಿಕೊಂಡರೆ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಆಡಿಕೊಳ್ಳುವ ಹಕ್ಕು ನನ್ನೊಬ್ಬಳದೇ ಎಂದು ನನ್ನ ಲೆಕ್ಕ.

ಆಡಿಕೊಳ್ಳುವವರಿಗೆ ವಿಷಯಕ್ಕೇನೂ ಬರವಿರಲಿಲ್ಲ, ಏಕೆಂದರೆ ಚಿಕ್ಕಮ್ಮನಿಗೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಬಟ್ಟೆ ಅಂಗಡಿಗೆ ಸೇರಿದಳು. "ಈ ಬಣ್ಣ ನಿಮಗೆ..." ಎಂದು ಗಿರಾಕಿಯ ಮುಖ ನೋಡಿ ನಿಲ್ಲಿಸಿದರೆ ಯಾವ ಹೆಂಗಸು ತಾನೇ ಸುಮ್ಮನಿರುತ್ತಾಳೆ? ಅಲ್ಲಿಂದ ಬಿಡಿಸಿದ ಮೇಲೆ ಒಂದು ಕಂಪನಿಯಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿತು. ಒಂದು ದಿನ ಅವಳಿಗೆ ಶೀತವಾಗಿ ಗಂಟಲು ಕಟ್ಟಿತ್ತು. ಯಾರೋ ಫೋನ್ ಮಾಡಿ ಸಾಹೇಬರಿದ್ದಾರಾ ಎಂದು ಕೇಳಿದರು. "ಸಾಹೇಬರು ಇನ್ನು..." ಎಂದು ಮೂಗು ಒರೆಸಿಕೊಂಡು ಫೋನಿಟ್ಟಳು. ಇನ್ನು ನಾಳೆಯೇ ಸಿಗುವುದು ಎಂದು ಅವಳ ಅರ್ಥ. ಸ್ವಲ್ಪ ಹೊತ್ತಿಗೆ ಆ ಮನುಷ್ಯ ದೊಡ್ಡದೊಂದು ಹೂವಿನ ಹಾರ ಹಿಡಿದುಕೊಂಡು ಬಂದ. ಬಾಗಿಲು ತೆಗೆದದ್ದು ಸಾಹೇಬರೇ. ಮನೆಯಲ್ಲಿ ಇದನ್ನು ಕೇಳಿ ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಚಿಕ್ಕಮ್ಮನೂ ನಕ್ಕಳು, ಆದರೆ ಆ ಕೆಲಸವೂ ಹೋಯಿತು.

ಅಂದು ಸಂಜೆ ಮಹಡಿಯ ಮೆಟ್ಟಿಲ ಮೇಲೆ ಕೂತು ನನ್ನ ಕಾಲೇಜಿನ ಚೀಲದ ಹರಿದ ಪಟ್ಟಿ ಹೊಲಿದುಕೊಡುತ್ತಿದ್ದಳು. ನಲವತ್ತು ದಾಟಿದ ಕೈಗಳು ಸೂಜಿ ಹಿಡಿದಿದ್ದವು. ತಲೆಯೆತ್ತದೆ ಹೇಳಿದಳು: "ಪುಟ್ಟೀ, ನಾನು ಯಾವ ಕೆಲಸಕ್ಕೂ..."

ಅವಳ ಮಾತುಗಳನ್ನೆಲ್ಲ ಮುಗಿಸಿಕೊಡುವುದು ನನ್ನ ರೂಢಿ. ಇದನ್ನು ಮಾತ್ರ ಮುಗಿಸಲು ನನಗೆ ನಾಲಿಗೆ ಏಳಲಿಲ್ಲ. ಅವಳ ಭುಜಕ್ಕೆ ಒರಗಿ ಕೂತೆ.

ಆಮೇಲೆ ಸಿಕ್ಕಿದ್ದು ಆಸ್ಪತ್ರೆಯ ಆಯಾ ಕೆಲಸ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು. ಇದು ಅವಳಿಗೆ ತುಂಬ ಹಿಡಿಸಿತು. ಮನೆಗೆ ಬಂದವಳು ಆ ಅಜ್ಜಿ ಹೀಗೆ, ಈ ತಾತ ಹಾಗೆ ಎಂದು ಅರ್ಧರ್ಧ ಕತೆಗಳನ್ನು ಬಡಿಸುತ್ತಿದ್ದಳು. ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಒಬ್ಬ ರೋಗಿಗೆ "ಡಾಕ್ಟ್ರು ನಿಮ್ಮ ವಿಷಯ..." ಎಂದು ನಿಟ್ಟುಸಿರುಬಿಟ್ಟು ಬಕೆಟ್ ಎತ್ತಿಕೊಂಡು ಹೊರಟುಹೋದಳು. ನಿಟ್ಟುಸಿರು ಬಕೆಟ್ಟಿನ ಭಾರಕ್ಕೆ. ಪಾಪ, ರೋಗಿಯ ರಕ್ತದೊತ್ತಡ ಏರಿ ವಾರ್ಡಿಗೆ ವಾರ್ಡೇ ಓಡಾಡಿತು.

ವಾರ್ಡಿನ ಸಿಸ್ಟರ್ ಕೆಟ್ಟವರಲ್ಲ, ಆದರೆ ಅವರಿಗೂ ಸಾಕಾಗಿತ್ತು. "ನೋಡಮ್ಮ, ಮಾತಾಡೋದಾದ್ರೆ ಪೂರ್ತಿ ಮಾತಾಡು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಕೆಲಸ ಮಾಡು. ಇನ್ನೊಂದು ಸಲ ಹೀಗಾದ್ರೆ ನಾನು ಇಟ್ಕೊಳ್ಳೋಕಾಗಲ್ಲ" ಎಂದರು.

ಚಿಕ್ಕಮ್ಮ ಈ ಕೆಲಸವನ್ನು ಕಳೆದುಕೊಳ್ಳಲು ತಯಾರಿರಲಿಲ್ಲ. ಪೂರ್ತಿ ಮಾತಾಡುವುದನ್ನು ಮನೆಯಲ್ಲೇ ಅಭ್ಯಾಸ ಮಾಡತೊಡಗಿದಳು. "ಅಕ್ಕಾ, ನಾನು ಈಗ ಸ್ನಾನಕ್ಕೆ ಹೋಗುತ್ತೇನೆ. ಸ್ನಾನ ಮುಗಿಸಿ ಬಂದು ನಾನು ಊಟ ಮಾಡುತ್ತೇನೆ" ಎಂದು ಪಾಠ ಒಪ್ಪಿಸುವ ಹಾಗೆ ಹೇಳಿದಾಗ ಅಮ್ಮ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದಳು. ಮಾತು ಮುಗಿಯುತ್ತಿತ್ತು, ನಿಜ. ಆದರೆ ಅದರ ಜೊತೆ ಅವಳ ನಗುವೂ ಮುಗಿದುಹೋಗಿತ್ತು. ಹೇಳಬೇಕಾದ್ದನ್ನೆಲ್ಲ ಗೋಡೆ ನೋಡಿಕೊಂಡು ಹೇಳುತ್ತಿದ್ದಳು. ನನಗೆ ಮೊದಲಿನ ಅರ್ಧಮ್ಮನೇ ಬೇಕೆನಿಸಿ ಅಳು ಬರುತ್ತಿತ್ತು.

ಆ ವಾರ್ಡಿನಲ್ಲಿ ಲಕ್ವ ಹೊಡೆದು ಮಾತು ಬಿದ್ದುಹೋಗಿದ್ದ ಒಬ್ಬರಿದ್ದರು. ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಕೂಗುತ್ತಿದ್ದವರು. ಅವರ ಮುಖ ಯಾರಿಗೂ ಗೊತ್ತಿಲ್ಲ, ದನಿ ಗೊತ್ತಿಲ್ಲದವರಿಲ್ಲ. ಚಿಕ್ಕಮ್ಮ ಅವರನ್ನು ಮೈಕಣ್ಣ ಎನ್ನುತ್ತಿದ್ದಳು. ಬುದ್ಧಿ ಚುರುಕಾಗಿಯೇ ಇತ್ತು, ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವರ ಹೆಂಡತಿ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಗಂಡ ತುಟಿ ಅಲುಗಿಸಿದರೆ ಸಾಕು, "ನೀರಾ? ದಿಂಬು ಸರಿ ಮಾಡ್ಲಾ? ಫ್ಯಾನಾ?" ಎಂದು ತಾವೇ ಹೇಳಿ ತಾವೇ ಮಾಡಿ ಮುಗಿಸುತ್ತಿದ್ದರು. ಆತ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಚಿಕ್ಕಮ್ಮ ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ನಾನು ಅಲ್ಲಿಗೆ ಹೋದೆ. ಅವಳು ಮೈಕಣ್ಣನ ಮಂಚದ ಪಕ್ಕದ ಕಿಟಕಿ ಒರೆಸುತ್ತಿದ್ದಳು. ಸೆಕೆ, ಆಯಾಸ, ಹಸಿವು, ಎಲ್ಲ ಸೇರಿ ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತೇನೋ. ಕೆಳಗಿನ ರಸ್ತೆಯಲ್ಲಿ ಒಂದು ಬಸ್ಸು ಹೊಗೆ ಬಿಡುತ್ತ ನಿಂತೇ ಇತ್ತು. ಅವಳು ಹಳೆಯ ಚಿಕ್ಕಮ್ಮನಾಗಿ ಅವರತ್ತ ತಿರುಗಿ, "ಅಯ್ಯೋ, ಮೈಕಣ್ಣಾ, ಆ ಬಸ್ಸು ಇನ್ನೂ..." ಎಂದವಳೇ ಕೈಜಾರಿದ ಬಟ್ಟೆ ಎತ್ತಿಕೊಳ್ಳಲು ಬಗ್ಗಿದಳು.

"ಹೊ... ಹೊರಟಿಲ್ಲ."

ದನಿ ಒಡೆದಿತ್ತು, ಒರಟಾಗಿತ್ತು. ಆದರೆ ಅದು ಆ ಮೈಕಿನ ದನಿಯೇ. ಅವರ ಹೆಂಡತಿಯ ಕೈಯಲ್ಲಿದ್ದ ಲೋಟ ಟಣ್ಣೆಂದು ನೆಲಕ್ಕೆ ಬಿತ್ತು. ಸಿಸ್ಟರ್ ಓಡಿಬಂದರು. ಸಿಸ್ಟರ್ ಮುಖ ಕಂಡದ್ದೇ ಚಿಕ್ಕಮ್ಮ, ಹೋಯಿತು, ಈ ಕೆಲಸವೂ ಹೋಯಿತು ಎಂದೇ ತಿಳಿದಳು. "ಸಿಸ್ಟರ್, ತಪ್ಪಾಯ್ತು, ನಾನು ಬೇಕಂತ..."

"ಮಾ... ಮಾಡ್ಲಿಲ್ಲ" ಎಂದಿತು ಮಂಚದ ಮೇಲಿನ ದನಿ.

ಸಿಸ್ಟರ್ ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ. ನಾನಂತೂ ಡಬ್ಬಿ ಹಿಡಿದುಕೊಂಡು ಗಳಗಳನೆ ಅತ್ತೆ. ರೋಗಿಗಳಿಗೆ ಮಾತು ಕಲಿಸುವ ಡಾಕ್ಟರಮ್ಮನಿಗೆ ಸಿಸ್ಟರೇ ಹೇಳಿಕಳಿಸಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು ಚಿಕ್ಕಮ್ಮನಿಗೆ, "ನಾವೂ ಇದನ್ನೇ ಮಾಡೋದು ಕಣ್ರೀ. ಅರ್ಧ ಹೇಳಿ ಕಾಯ್ತೀವಿ. ಆದ್ರೆ ನಾನು ಕಾದ್ರೆ ಪರೀಕ್ಷೆ ಅಂತ ಅವ್ರಿಗೆ ಗೊತ್ತಾಗಿಬಿಡುತ್ತೆ. ನನ್ನ ಜೊತೆ ಕೂತ್ಕೊಳ್ತೀರಾ? ಉಳಿದಿದ್ದು ನಾನು ಕಲಿಸ್ತೀನಿ" ಎಂದರು.

ಹೂವಿನ ಹಾಸಿಗೆಯೇನೂ ಆಗಿರಲಿಲ್ಲ ಅದು. ಬೇಕೆಂದು ಅರ್ಧ ಮಾತಾಡಲು ಹೋದಾಗ ಚಿಕ್ಕಮ್ಮನಿಗೆ ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ಒಬ್ಬ ಅಜ್ಜಿ ಬೇಸತ್ತು ಅತ್ತೇಬಿಟ್ಟರು. ಕೆಲವರಿಗೆ ಎಷ್ಟು ಕಾದರೂ ಮಾತು ಬರಲಿಲ್ಲ. "ಮೊದಲೆಲ್ಲ ಹೇಗೆ ನಿಲ್ಲಿಸ್ತಿದ್ರಿ?" ಎಂದು ಡಾಕ್ಟರಮ್ಮ ಕೇಳಿದ್ದು ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಅನ್ನ ತಿನ್ನುವಾಗಲೂ ಅದೇ ಯೋಚನೆ. ಒಂದು ದಿನ ನಾನು ಏನೋ ಹೇಳಲು ಬಾಯಿ ತೆರೆದಾಗ ನನ್ನ ಮುಖವನ್ನೇ ನೋಡುತ್ತಾ ಕೂತಳು.

"ಪುಟ್ಟೀ, ಎದುರಿಗಿರೋರ ಮುಖದಲ್ಲಿ ಮಾತು ಬಂದುಬಿಟ್ಟಿರುತ್ತೆ ಕಣೇ. ನನಗದು ಕಾಣುತ್ತೆ. ಕಂಡ ಮೇಲೆ ಇನ್ನು ನಾನ್ಯಾಕೆ..."

ಅಷ್ಟೇ ವಿಷಯ. ನಾವೆಲ್ಲ ಮರೆವು, ಗಡಿಬಿಡಿ ಎಂದುಕೊಂಡಿದ್ದೆವು. ಅವಳೋ ಬದುಕಿಡೀ ನಮ್ಮ ಮುಖಗಳನ್ನು ನೋಡುತ್ತಿದ್ದಳು, ಮಾತಿನ ಕೊನೆಯನ್ನು ನಮಗೆ ಬಿಟ್ಟುಕೊಡುತ್ತಿದ್ದಳು. ಮುಖ ಕಾಣದ ಫೋನಿನಲ್ಲಿ ಮಾತ್ರ ಆ ರೂಢಿ ಕೈಕೊಟ್ಟಿತ್ತು. ಅಂದಿನಿಂದ ಅವಳು ರೋಗಿಗಳ ಮುಖ ನೋಡಿ ಮಾತು ನಿಲ್ಲಿಸತೊಡಗಿದಳು, ಮತ್ತು ಒಬ್ಬೊಬ್ಬರಾಗಿ ಕೆಲವರು ಮಾತಾಡತೊಡಗಿದರು.

ಮೈಕಣ್ಣ ಮನೆಗೆ ಹೊರಟ ದಿನ ಅವರ ಹೆಂಡತಿ ಚಿಕ್ಕಮ್ಮನ ಕೈ ಹಿಡಿದುಕೊಂಡು, "ಇಷ್ಟು ದಿನ ನಾನೇ ಅವರ ಮಾತು ಕಿತ್ಕೊಂಡ್ನಾ?" ಎಂದು ಕೇಳಿದರಂತೆ. "ಇಲ್ಲಕ್ಕಾ, ನೀವು ಪ್ರೀತಿಯಿಂದ..." ಎಂದು ಇವಳು ಮೈಕಣ್ಣನ ಮುಖ ನೋಡಿದಳಂತೆ. ಅವರು ಹೆಂಡತಿಯ ತಲೆ ಸವರಿದರಂತೆ. ಇದನ್ನು ಹೇಳುವಾಗ ಚಿಕ್ಕಮ್ಮನ ಕಣ್ಣು ತುಂಬಿತ್ತು.

ಆಸ್ಪತ್ರೆಯವರು ಅವಳನ್ನು ಡಾಕ್ಟರಮ್ಮನ ಸಹಾಯಕಿಯಾಗಿ ಖಾಯಂ ಮಾಡಿದ ದಿನ, ಸಂಜೆ, ಅದೇ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೆವು. ಕಾಲು ಚಾಚಿ, ನೋಯುವ ಮಂಡಿಯನ್ನು ತಾನೇ ಒತ್ತಿಕೊಳ್ಳುತ್ತ, "ಪುಟ್ಟೀ, ನಾನು ಈ ಕೆಲಸಕ್ಕೇ..." ಎಂದು ನಿಲ್ಲಿಸಿದಳು.

ಮುಂದಿನ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹಲ್ಲು ಕಚ್ಚಿ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತ ಕೂತೆ. ಅವಳು ನನ್ನನ್ನು ನೋಡಿದಳು, ಕಾದಳು. ನಾನೂ ಕಾದೆ. ನನ್ನ ಕಿತಾಪತಿ ಗೊತ್ತಾಗಿ ಅವಳಿಗೆ ನಗು ಬಂತು. ನಗುತ್ತಲೇ ನನ್ನ ಕೆನ್ನೆ ಹಿಂಡಿದಳು.

"ಹುಟ್ಟಿದ್ದು ಕಣೇ" ಎಂದಳು.